ಸಾಣೆಯವನ ಎಡಗಿವಿ

ಮೂರು ಸಲ ಕರೆದರೂ ಸಾಣೆ ಅಂಗಡಿಯ ಆ ಮನುಷ್ಯ ತಿರುಗಿ ನೋಡಲಿಲ್ಲ.

ಮೊದಲ ಸಲ ಚುಕ್ಕಿ ಮೆತ್ತಗೆ, "ಸ್ವಲ್ಪ ನೋಡ್ತೀರಾ?" ಅಂದಳು. ಎರಡನೇ ಸಲ ಗಂಟಲು ಸರಿಮಾಡಿಕೊಂಡು, "ರೀ, ಇಲ್ಲಿ ನೋಡಿ," ಅಂದಳು. ಮೂರನೇ ಸಲ ಅರ್ಧ ಬೀದಿಗೆ ಕೇಳುವಷ್ಟು ಜೋರಾಗಿಯೇ ಕೂಗಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ, ಒಂದು ಪುಟ್ಟ ಉಕ್ಕಿನ ಬ್ಲೇಡನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ಅದರ ಹಲ್ಲುಗಳನ್ನು ನೋಡುತ್ತಾ ಕೂತೇ ಇದ್ದ.

"ಕಿವಿ ಕೇಳಲ್ವಾ ನಿಮಗೆ?" ಎಂದು ರೇಗಿ, ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಕುಕ್ಕಿದಳು.

ಮೇಜು ಅದುರಿತು. ಅವನು ತಿರುಗಿದ.

"ಎಡಗಡೇದು ಕೇಳಲ್ಲ," ಅಂದ. ಬೇಸರವಿಲ್ಲ, ಬಿಂಕವಿಲ್ಲ. ಗಂಟೆ ಎಷ್ಟು ಅಂತ ಕೇಳಿದವರಿಗೆ ಹೇಳುವ ಹಾಗೆ ಹೇಳಿದ. "ಬಲಗಡೆ ಬನ್ನಿ."

ಭೂಮಿ ಬಾಯಿ ಬಿಟ್ಟಿದ್ದರೆ ಚುಕ್ಕಿ ಆ ಗಂಟಿನ ಸಮೇತ ಒಳಗೆ ಇಳಿದುಬಿಡುತ್ತಿದ್ದಳು. ಅದು ಬಾಯಿ ಬಿಡಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ಮೇಜನ್ನು ಸುತ್ತಿ ಬಲಗಡೆಗೆ ಬಂದಳು. ಅಲ್ಲಿಂದ ಅವನ ಮುಖದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ರೆಪ್ಪೆಗಳ ತುದಿಯಲ್ಲಿ ಸಣ್ಣಗೆ ಉಕ್ಕಿನ ಪುಡಿ ಕೂತು ಮಿನುಗುತ್ತಿತ್ತು.

"ತಪ್ಪು ತಿಳ್ಕೋಬೇಡಿ," ಅಂದಳು.

"ತಿಳ್ಕೊಂಡಿಲ್ಲ. ಗಂಟು ಬಿಚ್ಚಿ."

ಗಲ್ಲದ ಮೇಲೊಂದು ಮಚ್ಚೆ ಇದ್ದದ್ದಕ್ಕೆ ಅವಳನ್ನು ಚುಕ್ಕಿ ಅಂತ ಕರೆದವನು ದೊಡ್ಡಪ್ಪ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ತನ್ನ ಕಟಿಂಗ್ ಶಾಪಿನ ತಿರುಗುವ ಕುರ್ಚಿಯ ಮೇಲೆ ಆಡಿಸಿ ಬೆಳೆಸಿದವನೂ ಅವನೇ. ಅವಳು ದೊಡ್ಡವಳಾಗಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹತ್ತು ವರ್ಷ ಬಟ್ಟೆ ಕತ್ತರಿಸಿದಳು. ಅಷ್ಟರಲ್ಲಿ ದೊಡ್ಡಪ್ಪನ ಕೈ ನಡುಗತೊಡಗಿತು. ಕತ್ತರಿ ಹಿಡಿದರೆ ಗಾಳಿಗೆ ಸಿಕ್ಕ ಎಲೆಯ ಹಾಗಾಗುತ್ತಿತ್ತು. ಅಂಗಡಿ ಮುಚ್ಚುವುದೇ ಅಂತ ಅವನು ಕಣ್ಣೀರು ಹಾಕಿದ ದಿನ, ಚುಕ್ಕಿ ಕಾರ್ಖಾನೆ ಬಿಟ್ಟು ಬಂದು ಬಾಚಣಿಗೆ ಹಿಡಿದಳು. ಬಟ್ಟೆಯಾದರೇನು, ಕೂದಲಾದರೇನು, ನೇರ ಗೆರೆ ನೇರ ಗೆರೆಯೇ ಅನ್ನುವುದು ಅವಳ ಧೈರ್ಯ.

ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಹೆಣ್ಣುಮಗಳು ಕಟಿಂಗ್ ಮಾಡುತ್ತಾಳಂತೆ ಅಂತ ಕುತೂಹಲಕ್ಕೆ ಬಂದವರು ಅವಳ ಕೈಗೆ ಒಗ್ಗಿಕೊಂಡರು. ಆದರೆ ಈ ಮೂರು ವಾರದಿಂದ ಏನೋ ಕೆಟ್ಟಿತ್ತು. ಕುರ್ಚಿಯಲ್ಲಿ ಕೂತವರು ಸ್ ಸ್ ಅನ್ನುತ್ತಾ ಭುಜ ಕುಗ್ಗಿಸುತ್ತಿದ್ದರು. ಕೊನೆಗೆ ದೊಡ್ಡಪ್ಪನ ಕಾಲದಿಂದ ಬರುತ್ತಿದ್ದ ಲೆಕ್ಕದ ಮೇಷ್ಟ್ರೇ, ಅರ್ಧ ಕಟಿಂಗಿಗೆ ಎದ್ದು, ಕೊರಳಿನ ಬಟ್ಟೆ ತಾವೇ ಬಿಚ್ಚಿಟ್ಟರು. "ಕೈ ಭಾರ ಆಗಿದೆ ಕಣಮ್ಮ ನಿಂದು," ಅಂದು, ರಸ್ತೆ ದಾಟಿ ಹೊಸ ಸಲೂನಿಗೆ ಹೋದರು.

ಆ ಮಾತು ಅವಳ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತ್ತು. ದೊಡ್ಡಪ್ಪನ ಹಾಗೆ ತನ್ನ ಕೈಯೂ ಕೆಡುತ್ತಿದೆಯೇನೋ ಅಂತ ಅವಳು ಆಗಾಗ ಬೆರಳುಗಳನ್ನು ಚಾಚಿ ನೋಡಿಕೊಳ್ಳುತ್ತಿದ್ದಳು.

ಸಾಣೆಯವನು ಗಂಟಿನಲ್ಲಿದ್ದ, ಕೂದಲು ಕತ್ತರಿಸುವ ಎರಡು ಮೆಷಿನ್‌ಗಳಲ್ಲಿ ಒಂದನ್ನು ಎತ್ತಿಕೊಂಡ. ಸ್ವಿಚ್ ಹಾಕಿದ. ಆಮೇಲೆ ಅವಳು ಎಂದೂ ಕಂಡಿರದ ಒಂದು ಕೆಲಸ ಮಾಡಿದ. ಗುಂಯ್‌ಗುಡುವ ಮೆಷಿನ್‌ನ ಹೊಟ್ಟೆಯನ್ನು ತನ್ನ ದವಡೆಯ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

ದೂರದಲ್ಲಿ ಯಾರೋ ಹಾಡುವುದನ್ನು ಕೇಳುವವನ ಹಾಗೆ ಅವನ ಮುಖ ಸಡಿಲವಾಯಿತು. ಇಷ್ಟು ಹೊತ್ತು ಒಬ್ಬ ಗಂಡಸಿನ ಮುಖವನ್ನು ನೇರವಾಗಿ ನೋಡುತ್ತಾ ನಿಂತಿದ್ದೇನೆ ಅನ್ನುವುದು ಚುಕ್ಕಿಗೆ ತಡವಾಗಿ ಹೊಳೆಯಿತು. ಹೊಳೆದ ಮೇಲೂ ನೋಡಿದಳು.

"ಅಳ್ತಾ ಇದೆ ಇದು," ಅಂದ ಅವನು, ಕಣ್ಣು ತೆರೆದು. "ಎರಡೂ ಮೆಷಿನ್ ಬ್ಲೇಡು ಒಟ್ಟಿಗೆ ತೊಳೆದ್ರಾ?"

"ಹೂಂ. ಒಂದೇ ಬಟ್ಟಲಲ್ಲಿ."

"ಅಲ್ಲೇ ಆಗಿದ್ದು ನೋಡಿ." ಎರಡು ಸ್ಕ್ರೂ ತೆಗೆದು ಬ್ಲೇಡುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟ. "ಕೆಳಗಿನ ಬ್ಲೇಡು ಅಲ್ಲಾಡಲ್ಲ. ಮೇಲಿಂದು ಓಡುತ್ತೆ. ಜೊತೆಗೇ ಓಡಿ ಓಡಿ ಇವೆರಡೂ ಒಂದಕ್ಕೊಂದು ಕೂತ್ಕೊಂಡಿರ್ತವೆ. ನೀವು ಜೋಡಿಸೋವಾಗ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಾಕಿದ್ದೀರ. ಜೋಡಿ ತಪ್ಪಿದೆ. ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಕೂದಲು ತುಂಡಾಗೋ ಬದಲು ಅದರೊಳಗೆ ಮಡಚಿಕೊಂಡು ಎಳೆಯುತ್ತೆ."

"ಹಾಗಾದ್ರೆ... ನನ್ನ ಕೈ?"

"ನಿಮ್ಮ ಕೈಗೇನಾಗಿದೆ?"

ಅವನು ಅವಳ ಕೈಯನ್ನು ನೋಡಿದ. ಬ್ಲೇಡನ್ನು ನೋಡಿದ ಹಾಗೆಯೇ, ಅವಸರವಿಲ್ಲದೆ. "ಬಟ್ಟೆ ಕತ್ತರಿಸ್ತಿದ್ರಾ ಮುಂಚೆ? ಹೆಬ್ಬೆರಳಲ್ಲಿ ಕತ್ತರಿಯ ಗುರುತಿದೆ. ಇಷ್ಟು ಸ್ಥಿರವಾದ ಕೈ ನಾನು ನೋಡಿಲ್ಲ."

ಚುಕ್ಕಿ ತಟಕ್ಕನೆ ಮುಖ ಎತ್ತಿ ಸೂರು ನೋಡಿದಳು. ಕಣ್ಣು ತುಂಬಿದ್ದು ಚೆಲ್ಲದಿರಲು ಅದೊಂದೇ ಉಪಾಯ.

ಆ ಮಧ್ಯಾಹ್ನ ಅವನು ಬ್ಲೇಡುಗಳಿಗೆ ಅವುಗಳ ಜೋಡಿ ಹುಡುಕಿ ಕೊಟ್ಟ. ಸಾಣೆ ಚಕ್ರಕ್ಕೆ ಹಿಡಿದ, ಕಿಡಿಗಳು ಹಾರಿದವು. ಆಮೇಲೆ ಚಪ್ಪಟೆ ತಟ್ಟೆಯ ಮೇಲೆ ಸಾಣೆಯ ಸಣ್ಣ ಪುಡಿ ಹಾಕಿ, ಮಗುವಿನ ಬೆನ್ನು ನೇವರಿಸುವ ಹಾಗೆ ಮೆಲ್ಲಗೆ ಉಜ್ಜಿದ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತಳು. ನಾಳೆ ಬಂದು ತಗೊಂಡು ಹೋಗಬಹುದಿತ್ತು. ಅವನೂ ನಾಳೆ ಬನ್ನಿ ಅನ್ನಲಿಲ್ಲ.

"ಮೇಲಿನ ಬ್ಲೇಡು ಕೆಳಗಿನದಕ್ಕಿಂತ ಒಂದು ಗೆರೆಯಷ್ಟು ಹಿಂದಿರಲಿ. ಮುಂದೆ ಬಂದ್ರೆ ಚರ್ಮಕ್ಕೆ ತಾಗುತ್ತೆ. ಎರಡು ಮೂಲೆಗೆ ಒಂದೊಂದು ತೊಟ್ಟು ಎಣ್ಣೆ, ನಡುವೆ ಒಂದು. ಮೆಷಿನ್ ಓಡ್ತಾ ಇರುವಾಗಲೇ ಹಾಕಿ, ಆಮೇಲೆ ಒರೆಸಿ. ಏನು ಎಣ್ಣೆ ಹಾಕ್ತೀರ ಈಗ?"

"ತಲೆಗೆ ಹಚ್ಚೋದು."

ಅವನು ನಕ್ಕುಬಿಟ್ಟ. ಮೊದಲು ಕಣ್ಣಲ್ಲಿ ಶುರುವಾಗಿ, ತಡವಾಗಿ ತುಟಿಗೆ ಬರುವ ನಗು ಅದು. "ಅದು ಅಂಟಾಗಿ ಕೂದಲನ್ನೆಲ್ಲ ಹಿಡಿದು ಕೂರಿಸುತ್ತೆ. ಮೆಷಿನ್ ಎಣ್ಣೆ ತೆಳ್ಳಗಿರುತ್ತೆ. ಕೈ ಕೊಡಿ."

"ಯಾಕೆ?"

"ಬಿಸಿ ನೋಡೋದು ಹೇಗೆ ಅಂತ ತೋರಿಸ್ತೀನಿ."

ಅವಳ ಮಣಿಕಟ್ಟಿನ ಒಳಗಡೆ, ನೀಲಿ ನರ ಕಾಣುವ ಕಡೆ, ಓಡುತ್ತಿದ್ದ ಬ್ಲೇಡಿನ ಬೆನ್ನನ್ನು ಹಗುರವಾಗಿ ಇಟ್ಟ. "ಇಲ್ಲಿ ಸುಟ್ಟ ಹಾಗಾದ್ರೆ ಗಿರಾಕಿ ಕತ್ತಿಗೂ ಸುಡುತ್ತೆ. ನಿಲ್ಲಿಸಬೇಕು. ಬಿಸಿ ಇದೆಯಾ?"

"ಇಲ್ಲ," ಅಂದಳು ಚುಕ್ಕಿ. ಬ್ಲೇಡು ತಣ್ಣಗೇ ಇತ್ತು. ಬೆಚ್ಚಗಾಗಿದ್ದು ಕೆನ್ನೆ.

ಮುಂದಿನ ವಾರ ಲೆಕ್ಕದ ಮೇಷ್ಟ್ರು ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಕುರ್ಚಿಯಲ್ಲಿ ಕೂತರು. ಮೆಷಿನ್ ಅವರ ಕತ್ತಿನ ಮೇಲೆ ಬೆಣ್ಣೆಯಲ್ಲಿ ಬೆರಳಾಡಿದಂತೆ ಹೋಯಿತು. ಮೇಷ್ಟ್ರು ಎರಡೇ ನಿಮಿಷಕ್ಕೆ ತೂಕಡಿಸಿದರು. ಎದ್ದಾಗ, "ಕೈ ಹಗುರ ಆಯ್ತಲ್ಲಮ್ಮ," ಅಂದರು.

"ನನ್ನ ಕೈ ಅವತ್ತೂ ಹೀಗೇ ಇತ್ತು ಮೇಷ್ಟ್ರೇ," ಅಂದಳು ಚುಕ್ಕಿ. ಅಷ್ಟು ಹೇಳಿದ್ದಕ್ಕೆ ಅವಳ ಬೆನ್ನು ಒಂದಿಂಚು ನೆಟ್ಟಗಾಯಿತು.

ಗಿರಾಕಿಗಳು ಮರಳಿದರು. ಇನ್ನು ಸಾಣೆಯವನ ಹತ್ತಿರ ಹೋಗಲು ಕಾರಣ ಇರಲಿಲ್ಲ. ಕಾರಣ ಇಲ್ಲದ ಮೇಲೂ ವಾರಕ್ಕೆರಡು ಸಲ ಹೋಗುತ್ತಿದ್ದಳು. ಈಗ ಅವಳ ಕಾಲುಗಳಿಗೆ ದಾರಿ ತಿಳಿದಿತ್ತು. ಒಳಗೆ ಹೋದವಳೇ ಮೇಜನ್ನು ಸುತ್ತಿ ಬಲಗಡೆಗೆ ಬಂದುಬಿಡುತ್ತಿದ್ದಳು.

"ಗುಂಗುರು ಕೂದಲಿಗೆ ಯಾವ ಬ್ಲೇಡು?" ಅಂತ ಒಂದು ದಿನ ಕೇಳಿದಳು.

"ಅಗಲ ಹಲ್ಲಿಂದು. ಮೆತ್ತನೆ ಕೂದಲಿಗೆ ಒತ್ತೊತ್ತಾಗಿರೋ ಸಣ್ಣ ಹಲ್ಲು."

"ಸೆರಾಮಿಕ್ ಒಳ್ಳೇದೋ ಉಕ್ಕೋ?"

"ಸೆರಾಮಿಕ್ ತಂಪಾಗಿರುತ್ತೆ. ಆದ್ರೆ ಒಂದ್ಸಲ ಕೈಜಾರಿ ಬಿದ್ರೆ ಮುಗೀತು. ಉಕ್ಕು ಬೇಗ ಬಿಸಿ ಆಗುತ್ತೆ, ಆದ್ರೆ ತಾಳ್ಕೊಳ್ಳುತ್ತೆ."

"ನೀವು ಯಾವುದು ಹಾಗಾದ್ರೆ?"

ಅವನು ನಿಜವಾಗಲೂ ಯೋಚಿಸಿದ. ಬೆರಳ ತುದಿಯಲ್ಲಿದ್ದ ಬ್ಲೇಡನ್ನು ಮಗುಚಿದ, ಮತ್ತೆ ಮಗುಚಿದ. "ಉಕ್ಕು ಅನ್ಕೊಂಡಿದ್ದೆ ಇಷ್ಟು ದಿನ," ಅಂದ. "ಈಚೆಗೆ ಗೊತ್ತಾಗ್ತಿಲ್ಲ."

ಇನ್ನೊಂದು ದಿನ ಅವಳು ತಂದ ಬ್ಲೇಡನ್ನು ಬೆಳಕಿಗೆ ಹಿಡಿದು, "ಇದಕ್ಕೇನೂ ಆಗಿಲ್ಲವಲ್ಲ," ಅಂದ.

"ಆಗಿದೆ."

"ಏನಾಗಿದೆ?"

"ನೀವೇ ಹುಡುಕಿ. ಸಾಣೆಯವರು ನೀವು ತಾನೇ?"

ಅವನು ಆ ಹರಿತವಾದ ಬ್ಲೇಡಿನಲ್ಲಿ ಒಂದು ಗಂಟೆ ದೋಷ ಹುಡುಕಿದ. ಅವಳು ಒಂದು ಗಂಟೆ ಕೂತಳು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಗೇಣು ಸರಿಯಿತು. ಇಬ್ಬರೂ ಮುಖ್ಯವಾದದ್ದೇನನ್ನೂ ಮಾತಾಡಲಿಲ್ಲ. ಆದರೂ ಅಂಗಡಿಗೆ ವಾಪಸು ಬರುವ ದಾರಿಯಲ್ಲಿ ಚುಕ್ಕಿಗೆ ತಾನು ತುಂಬಾ ಮಾತಾಡಿ ಬಂದ ಹಾಗಿತ್ತು.

ದೊಡ್ಡಪ್ಪ ದಿನವಿಡೀ ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತು ಬಂದವರ ತಲೆಗಳ ಮೇಲೆ ಟೀಕೆ ಮಾಡುವವನು. ಅವತ್ತು ಪೇಪರಿನ ಹಿಂದಿನಿಂದಲೇ ಅಂದ, "ಬ್ಲೇಡು ಸವೆದಿದೆಯೋ ಇಲ್ವೋ ನನಗೆ ಗೊತ್ತಿಲ್ಲ ಕಣೇ. ನಿನ್ನ ಚಪ್ಪಲಿ ಮಾತ್ರ ಚೆನ್ನಾಗಿ ಸವೀತಿದೆ."

"ಪೇಪರ್ ಓದು ದೊಡ್ಡಪ್ಪ."

"ಓದ್ತಿದ್ದೀನಲ್ಲ. ಪೇಪರಿನಲ್ಲೂ ಬಂದಿದೆ."

ಹೀಗೆ ನಾಲ್ಕು ತಿಂಗಳು ಕನಸಿನ ಹಾಗೆ ಹೋದ ಮೇಲೆ, ಒಂದು ಬೆಳಿಗ್ಗೆ ಚುಕ್ಕಿ ಹೋದಾಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನಿರಲಿಲ್ಲ. ಗುಂಡು ಮುಖದ ಹೆಂಗಸೊಬ್ಬರು ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ನಗು ಮಾತ್ರ ಅವನದೇ, ಕಣ್ಣಲ್ಲಿ ಶುರುವಾಗುವಂಥದು.

"ನಾನವನ ಅಕ್ಕ," ಅಂದರು. "ನೀನು ಚುಕ್ಕಿ ತಾನೇ? ಮಚ್ಚೆ ನೋಡಿ ಗೊತ್ತಾಯ್ತು. ಫೋನಿನಲ್ಲಿ ಬೇರೆ ಸುದ್ದಿನೇ ಹೇಳಲ್ಲ ಅವನು."

"ಎಲ್ಲಿಗೆ... ಇದೆಲ್ಲ ಎಲ್ಲಿಗೆ?"

ಅಕ್ಕನ ಕೈ ನಿಂತಿತು. "ಅವನು ಹೇಳಿಲ್ವಾ ನಿಂಗೆ? ಎಡಗಿವಿ ಸಣ್ಣವನಿದ್ದಾಗಲೇ ಜ್ವರ ಬಂದು ಹೋಯ್ತು. ಈಗ ಬಲಗಡೇದೂ ಮಂಕಾಗ್ತಿದೆಯಂತೆ. ಈ ಸಾಣೆ ಚಕ್ರದ ಸದ್ದು ಬಿಡದಿದ್ರೆ ಅದೂ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು. ನಮ್ಮೂರಲ್ಲಿ ನಮ್ಮದೊಂದು ಸಸಿ ಮಾರೋ ತೋಟ ಇದೆ. ಸದ್ದಿಲ್ಲ, ಗಲಾಟೆಯಿಲ್ಲ. ಅಲ್ಲೇ ಇರು ಬಾ ಅಂದೆ. ಭಾನುವಾರ ಹೊರಡ್ತೀವಿ."

ಅವತ್ತು ಶುಕ್ರವಾರ.

ಚುಕ್ಕಿಗೆ ಮೊದಲು ಬಂದದ್ದು ಸಿಟ್ಟು. ದಾರಿಯುದ್ದಕ್ಕೂ ಬೈದುಕೊಂಡಳು. ನಾಲ್ಕು ತಿಂಗಳು ಬಲಗಡೆ ಕೂತು ಊರ ತಲೆಗಳ ಕಥೆಯೆಲ್ಲ ಹೇಳಿದ್ದೇನೆ, ಇದೊಂದು ಮಾತು ಅವನ ಬಾಯಿಂದ ಬರಲಿಲ್ಲವಲ್ಲ. ಅಂಗಡಿ ಮುಟ್ಟುವ ಹೊತ್ತಿಗೆ ಸಿಟ್ಟು ಕರಗಿ, ಅದರ ಕೆಳಗಿದ್ದದ್ದು ಕಂಡಿತು. ಕೈ ಸ್ಥಿರವಾಗಿಯೇ ಇತ್ತು. ನಡುಗುತ್ತಿದ್ದದ್ದು ಬೇರೆ ಏನೋ.

ಶನಿವಾರ ಮಧ್ಯಾಹ್ನ, ಬೀದಿ ಊಟ ಮುಗಿಸಿ ಮಂಪರಿನಲ್ಲಿದ್ದ ಹೊತ್ತಿಗೆ, ಅವನು ಅಂಗಡಿಗೆ ಬಂದ. ಮೊದಲ ಸಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ದೊಡ್ಡಪ್ಪ ಮತ್ತು ಲೆಕ್ಕದ ಮೇಷ್ಟ್ರು ಪೇಪರ್ ಹಂಚಿಕೊಂಡು ಕೂತಿದ್ದರು.

"ಕಟಿಂಗ್ ಮಾಡ್ತೀರಾ?" ಅಂದ ಅವನು.

"ಅಂಗಡಿ ಇರೋದೇ ಅದಕ್ಕೆ," ಅಂದಳು ಅವಳು.

ಕುರ್ಚಿಯಲ್ಲಿ ಕೂರಿಸಿ ಬಿಳಿ ಬಟ್ಟೆ ಹೊದಿಸಿದಳು. ಕೊರಳ ಹಿಂದೆ ಗಂಟು ಹಾಕುವಾಗ ಬೆರಳು ಅವನ ಕತ್ತಿಗೆ ತಾಗಿತು. ಇಬ್ಬರೂ ಉಸಿರು ಹಿಡಿದರು. ಇಬ್ಬರೂ ಹಿಡಿಯದ ಹಾಗೆ ನಟಿಸಿದರು.

ಇಷ್ಟು ದಿನ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದ ಅನ್ನುವುದು ನೋಡಿದೊಡನೆ ಗೊತ್ತಾಗುತ್ತಿತ್ತು. ದಪ್ಪ ಕೂದಲು, ಹಿಂದೆ ಎರಡು ಸುಳಿ, ಒಂದರ ಮೇಲೊಂದು ಹೆಜ್ಜೆ ತಪ್ಪಿದ ಗೆರೆಗಳು. ಅಗಲ ಹಲ್ಲಿನ ಬ್ಲೇಡು ಆರಿಸಿದಳು. ಮೂರು ತೊಟ್ಟು ಎಣ್ಣೆ ಹಾಕಿ, ಒರೆಸಿ, ಮಣಿಕಟ್ಟಿಗೆ ಇಟ್ಟು ಬಿಸಿ ನೋಡಿದಳು. ಅವನು ಎಲ್ಲವನ್ನೂ ಕಣ್ಣಲ್ಲೇ ಹಿಂಬಾಲಿಸಿದ.

ಬೆಳಕು ಹಾಲಿನಂತೆ ತೆಳ್ಳಗೆ ಕನ್ನಡಿಗಳ ಮೇಲೆ ಹರಡಿತ್ತು. ಕೂದಲು ಸದ್ದಿಲ್ಲದೆ ಜಾರಿ ಬಿಳಿ ಬಟ್ಟೆಯ ಮೇಲೆ ಬಿದ್ದು, ಅಲ್ಲಿಂದ ನೆಲಕ್ಕೆ ಇಳಿಯುತ್ತಿತ್ತು. ಅವಳು ಹಿಂದಿನಿಂದ ಕೆಲಸ ಮಾಡುತ್ತಾ ಎಡಗಡೆಗೆ ಬಂದಳು. ಅವನ ಎಡಗಿವಿ ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಚಂದದ, ಏನೂ ಅರಿಯದ ಕಿವಿ. ಅದಕ್ಕೆ ಏನು ಹೇಳಿದರೂ ಗುಟ್ಟು ಗುಟ್ಟಾಗಿಯೇ ಇರುತ್ತದೆ ಅನ್ನಿಸಿತು ಅವಳಿಗೆ.

ಬಾಚಣಿಗೆಯಿಂದ ಕೂದಲು ಎತ್ತುತ್ತಾ ಮೆಲ್ಲಗೆ, ಉಸಿರಿನಷ್ಟೇ ಮೆಲ್ಲಗೆ ಹೇಳಿದಳು. "ಹೋಗ್ಬೇಡಿ. ನನ್ನ ಕೈ ಚೆನ್ನಾಗಿದೆ ಅಂತ ಹೇಳಿದ್ದು ನೀವೊಬ್ಬರೇ. ಆವತ್ತಿಂದ ಈ ಕೈಗೆ ನಿಮ್ಮ ಹುಚ್ಚು ಹಿಡಿದಿದೆ. ಸರಿ ಇರೋ ಬ್ಲೇಡನ್ನೆಲ್ಲ ತಗೊಂಡು ಬರ್ತಿದ್ದೆ, ನಿಮ್ಮ ಪಕ್ಕ ಕೂರೋಕೆ. ನೀವು ಹೋದ್ರೆ..." ಅಷ್ಟು ಹೇಳಿ ಬಾಚಣಿಗೆಯನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಉಳಿದದ್ದನ್ನು ಅದರ ಹಲ್ಲುಗಳಿಗೇ ಹೇಳಿದಳು.

ತಲೆಯೆತ್ತಿದಾಗ, ಕನ್ನಡಿಯಲ್ಲಿ ಅವನ ಕಣ್ಣು ಅವಳ ತುಟಿಯ ಮೇಲಿತ್ತು.

ಅವಳು ಮೆಷಿನ್ ನಿಲ್ಲಿಸಿ, ಬಾಚಣಿಗೆಯ ಜೊತೆ ಅದನ್ನೂ ಕನ್ನಡಿಯ ಮುಂದೆ ಇಟ್ಟಳು.

"ಕೊನೇದು ಗೊತ್ತಾಗ್ಲಿಲ್ಲ," ಅಂದ ಅವನು. "ಬಾಚಣಿಗೆ ಅಡ್ಡ ಬಂತು."

"ನೀವು... ಕೇಳಿಸ್ಕೊಂಡ್ರಾ?"

"ಕೇಳಿಸ್ಲಿಲ್ಲ. ಕಾಣಿಸ್ತು. ಚಿಕ್ಕಂದಿನಿಂದ ಅರ್ಧ ಲೋಕನ ತುಟಿ ನೋಡೇ ತಿಳ್ಕೊಂಡವನು ನಾನು."

ಚುಕ್ಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡಿದರೆ ಕನ್ನಡಿಯಲ್ಲಿ ಅವನು ಇನ್ನೂ ನೋಡುತ್ತಲೇ ಇದ್ದ. ಆದರೆ ನಗುತ್ತಿರಲಿಲ್ಲ.

"ಬಲಗಡೇದೂ ಹೋಗ್ಬಹುದು," ಅಂದ. "ಅದಕ್ಕೇ ಹೇಳ್ಲಿಲ್ಲ. ನಿಮ್ಮ ದನಿ ಕೇಳದ ಮನುಷ್ಯನ ಜೊತೆ ನೀವು ಯಾಕೆ..."

"ಅಂಗಡೀಲಿ ನಾಲ್ಕು ಕನ್ನಡಿ ಇದೆ," ಅಂದಳು ಚುಕ್ಕಿ, ಕೈ ಕೆಳಗಿಳಿಸಿ. ಅವಳಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. "ಎಲ್ಲಿ ನಿಂತು ಬೈದ್ರೂ ನಿಮಗೆ ಕಾಣುತ್ತೆ. ಇನ್ನೂ ಬೇಕಂದ್ರೆ ಮನೇಲೂ ನಾಲ್ಕು ಹಾಕಿಸ್ತೀನಿ. ಚಕ್ರ ಬಿಡಿ. ತಟ್ಟೆ ಮೇಲೆ ಕೈಯಲ್ಲಿ ಉಜ್ಜೋದಕ್ಕೇನು ಸದ್ದು ಬರುತ್ತೆ? ಆ ಕಿಟಕಿ ಪಕ್ಕ ಮೇಜು ಹಾಕೊಳ್ಳಿ. ನನ್ನ ಬ್ಲೇಡು ನೋಡೋಕೆ ಒಬ್ಬರು ಬೇಕು. ಡಾಕ್ಟ್ರು ವಿಶ್ರಾಂತಿ ತಗೊಳ್ಳಿ ಅಂದಿದ್ರೆ ಹೋಗಿ, ತಗೊಂಡು ಬನ್ನಿ. ಬರ್ಬೇಕು ಅಷ್ಟೇ."

ಇಷ್ಟು ಮಾತು ಹೇಗೆ ಬಂತು ಅಂತ ಅವಳಿಗೇ ದಿಗಿಲಾಯಿತು. ನಾಚಿಕೆ ಮುಚ್ಚಿಕೊಳ್ಳಲು ಮೆಷಿನ್ ಆನ್ ಮಾಡಿ, ಬಲಗಡೆಗೆ ಹೋಗಿ, ಅವನ ಕಿವಿಯ ಸುತ್ತ ಕೂದಲು ತೆಗೆಯತೊಡಗಿದಳು.

ಅವನು ಏನೋ ಹೇಳಿದ. ತನ್ನ ಕಿವಿಯ ಪಕ್ಕದಲ್ಲೇ ಗುಂಯ್‌ಗುಡುತ್ತಿದ್ದ ಮೆಷಿನ್ ಮೀರಿ ತನಗೇ ತನ್ನ ದನಿ ಕೇಳಲಿ ಅಂತ ಗಂಟಲೆತ್ತಿ ಇನ್ನೊಮ್ಮೆ ಹೇಳಿದ. ಏನೆಂದ ಅಂತ ತಿಳಿಯಲು ಚುಕ್ಕಿ ಮೆಷಿನ್ ನಿಲ್ಲಿಸಿದ್ದೂ, ಅವನು ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಮೂರನೇ ಸಲ ಹೇಳಿದ್ದೂ ಒಂದೇ ಕ್ಷಣಕ್ಕೆ ಆಯಿತು.

"ನೀವಂದ್ರೆ ನನಗೆ ಪ್ರಾಣ!"

ನಿಶ್ಶಬ್ದವಾದ ಮಧ್ಯಾಹ್ನದ ಬೀದಿಯ ಉದ್ದಕ್ಕೂ ಆ ಮಾತು ಹೋಗಿ ಬಂತು. ಎದುರು ಸಲೂನಿನ ಬಾಗಿಲಲ್ಲಿ ಯಾರೋ ತಲೆ ಹೊರಹಾಕಿದರು. ಬೆಂಚಿನ ಮೇಲೆ ಪೇಪರ್ ಮಡಚುವ ಸದ್ದಾಯಿತು.

"ಸ್ವಲ್ಪ ಮೆತ್ತಗೆ ಹೇಳಪ್ಪಾ," ಅಂದ ದೊಡ್ಡಪ್ಪ, ಒಳಗೆ ಇಣುಕಿ. "ನಮ್ಮ ಕಿವಿ ಎರಡೂ ಚೆನ್ನಾಗಿದೆ."

"ಉತ್ತರ ಸರಿ ಇದೆ," ಅಂದರು ಲೆಕ್ಕದ ಮೇಷ್ಟ್ರು, ಪಕ್ಕದಿಂದ. "ನೂರಕ್ಕೆ ನೂರು."

ಅವನು ಕಿವಿಯ ತುದಿಯವರೆಗೂ ಕೆಂಪಾದ. ಕೇಳುವ ಕಿವಿ, ಕೇಳದ ಕಿವಿ, ಎರಡೂ. ಚುಕ್ಕಿ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣೀರು ಅವನ ಭುಜದ ಮೇಲಿನ ಬಿಳಿ ಬಟ್ಟೆಗೆ ಬಿತ್ತು.

ಭಾನುವಾರ ಅವನು ಮರಳಿ ಬರುವ ಮಾತು ಕೊಟ್ಟು ಅಕ್ಕನ ಜೊತೆ ಹೋದ. ಡಾಕ್ಟರು ಹೇಳಿದ ಆರು ವಾರದ ಮೌನಕ್ಕೆ. ಮೌನ ಅಂದರೆ ಪೂರ್ತಿ ಮೌನವೇ. ಫೋನ್ ಕೂಡ ಕಿವಿಗೆ ಹಿಡಿಯುವ ಹಾಗಿರಲಿಲ್ಲ. ದಿನಕ್ಕೊಂದು ಸಾಲಿನ ಮೆಸೇಜು ಬರುತ್ತಿತ್ತು. ಇವತ್ತು ಹತ್ತು ಸಸಿ ನೆಟ್ಟೆ. ಇವತ್ತು ಅಕ್ಕ ನಿಮ್ಮ ವಿಷಯ ಕೇಳಿ ಕೇಳಿ ತಲೆ ತಿಂದಳು. ಇವತ್ತು ಏನೂ ಮಾಡಲಿಲ್ಲ, ನಿಮ್ಮನ್ನು ನೆನೆಸಿಕೊಂಡೆ. ಚುಕ್ಕಿ ಕಿಟಕಿಯ ಪಕ್ಕ ಒಂದು ಮೇಜು ಹಾಕಿಸಿದಳು, ಅದರ ಮೇಲೆ ಚಪ್ಪಟೆ ತಟ್ಟೆ ಇಟ್ಟಳು. ಆ ಮೇಜಿನ ಮುಂದಿನ ಕುರ್ಚಿಯ ಮೇಲೆ ಯಾರೂ ಕೂರದ ಹಾಗೆ ದೊಡ್ಡಪ್ಪ ಕಾವಲು ಕಾದ.

ಆರು ವಾರ ಕಳೆದ ಮಾರನೇ ಬೆಳಿಗ್ಗೆ ಅವನು ಬಸ್ಸಿನಿಂದಿಳಿದು ನೇರವಾಗಿ ಅಂಗಡಿಗೆ ಬಂದ. ಬಿಸಿಲಿಗೆ ಮುಖ ಕಂದಿತ್ತು. ಉಗುರಿನಲ್ಲಿ ಮಣ್ಣಿತ್ತು. ಬಲಗಿವಿ ಇನ್ನಷ್ಟು ಮಂಕಾಗಿಲ್ಲವಂತೆ, ಅಲ್ಲೇ ನಿಂತಿದೆಯಂತೆ. ಅಷ್ಟು ಸಾಕು ಅಂದಳು ಚುಕ್ಕಿ.

ಅವನನ್ನು ಕೂರಿಸಿ, ಅವನ ಕೂದಲೊಳಗೆ ಬೆರಳಿಟ್ಟು ಅಳೆದಳು. ಕಡೆಯ ಸಲ ಅವಳೇ ಕತ್ತರಿಸಿದ ಮೇಲೆ ಒಂದು ಬೆರಳಿನ ಅಗಲದಷ್ಟು ಬೆಳೆದಿತ್ತು. ಕೊನೆಯಿಲ್ಲ ಅನ್ನಿಸಿದ್ದ ಆ ದಿನಗಳೆಲ್ಲ ಸೇರಿ ಇಷ್ಟೇ ಇಷ್ಟು.

"ಕತ್ತರಿಸ್ಲಾ?" ಅಂದಳು.

ಅವನು ಕನ್ನಡಿಯಲ್ಲಿ ನೋಡಲಿಲ್ಲ. ಕುರ್ಚಿಯನ್ನೇ ತಿರುಗಿಸಿಕೊಂಡು ಅವಳ ಮುಖ ನೋಡಿದ.

"ಇವತ್ತು ಬೇಡ," ಅಂದ. "ಕೈ ಅಲ್ಲೇ ಇರಲಿ."